ಗೇಣು ಅಳೆದು ಡಿಸ್ಕ್ ಕೊಡುವವರಿಗೆ

ಕೈ ದೊಡ್ಡದಿದ್ದವರು ಅಗಲ ರಿಮ್ಮಿನ ಡಿಸ್ಕನ್ನೇ ಎಸೆಯಬೇಕು ಎಂಬ ಮಾತು ಅಮೆರಿಕದ ಡಿಸ್ಕ್ ಗಾಲ್ಫ್ ಮೈದಾನಗಳಲ್ಲಿ ಎಷ್ಟು ಬೇರು ಬಿಟ್ಟಿದೆಯೆಂದರೆ, ಹೇಳುವವರಿಗೆ ಅದಕ್ಕೊಂದು ಕಾರಣ ಕೊಡಬೇಕು ಅಂತಲೂ ಅನ್ನಿಸುವುದಿಲ್ಲ. ಆರಡಿ ಮೀರಿದ ಹುಡುಗನೊಬ್ಬ ಅಂಗಡಿಗೆ ಹೋಗಿ ಒಳ್ಳೆಯದೊಂದು ಫೇರ್‌ವೇ ಡ್ರೈವರ್ ಕೇಳಿದರೆ, ಕೌಂಟರಿನವನು ಮೊದಲು ನೋಡುವುದು ಅವನ ಅಂಗೈಯನ್ನು. "ಇಷ್ಟು ದೊಡ್ಡ ಕೈಗೆ ಇದು ಸಾಲುವುದಿಲ್ಲ" ಅನ್ನುತ್ತ, 7 ಎಂದು ಅಚ್ಚಾದ ಡಿಸ್ಕನ್ನು ಗೂಡಿಗೆ ಮರಳಿಸಿ 12 ಎಂದು ಅಚ್ಚಾದದ್ದನ್ನು ಕೈಗಿಡುತ್ತಾನೆ. ಹುಡುಗನಿಗೆ ಹೊಗಳಿಸಿಕೊಂಡ ಹಾಗಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಆ ಡಿಸ್ಕ್ ಎಡಕ್ಕೆ ಹೊರಳಿ ಪೊದೆ ಸೇರುತ್ತಿರುತ್ತದೆ, ಅವನು ತನ್ನ ತೋಳನ್ನು ಬೈದುಕೊಳ್ಳುತ್ತಿರುತ್ತಾನೆ. ಬೈಯಬೇಕಾದ್ದು ಆ ಸಲಹೆಯನ್ನು.

ಆಟದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಗಾಲ್ಫಿನಂತೆಯೇ ಇಲ್ಲಿಯೂ ಟೀಯಿಂದ ಶುರು. ಆದರೆ ಚೆಂಡು, ಕೋಲುಗಳ ಬದಲು ಪ್ಲಾಸ್ಟಿಕ್ಕಿನ ಡಿಸ್ಕ್, ಗುಳಿಯ ಬದಲು ಸರಪಣಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದರು. ಫ್ರಿಸ್ಬೀಯನ್ನು ತಿದ್ದಿ, ಅಲ್ಲಾಡದೆ ಹಾರುವಂತೆ ಮಾಡಿದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಹಾಕಿದರು. ಮರುವರ್ಷ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್, ಅಂದರೆ ಇವತ್ತು ಎಲ್ಲರೂ ಪಿಡಿಜಿಎ ಅನ್ನುವ ಸಂಸ್ಥೆ, ಅವರಿಂದಲೇ ಶುರುವಾಯಿತು. ಡಿಸ್ಕುಗಳಲ್ಲಿ ನಾಲ್ಕು ಬಗೆ. ಬುಟ್ಟಿಯ ಹತ್ತಿರದಿಂದ ಹಾಕಲು ಪಟರ್, ನಡುದೂರಕ್ಕೆ ಮಿಡ್‌ರೇಂಜ್, ಮರಗಳ ನಡುವಿನ ದಾರಿಯಲ್ಲಿ ಹದವಾಗಿ ಕಳಿಸಲು ಫೇರ್‌ವೇ ಡ್ರೈವರ್, ಬಯಲಿನಲ್ಲಿ ಬಲ ಹಾಕಿ ಬೀಸಲು ಡಿಸ್ಟೆನ್ಸ್ ಡ್ರೈವರ್. ಹೆಚ್ಚಿನ ಡಿಸ್ಕುಗಳ ಜೊತೆ ನಾಲ್ಕು ಅಂಕಿ ಇರುತ್ತವೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಫೇರ್‌ವೇ ಡ್ರೈವರ್ ಅನ್ನಿಸಿಕೊಳ್ಳುವವುಗಳ ಸ್ಪೀಡ್ ಸುಮಾರು 6ರಿಂದ 9ರವರೆಗೆ. ಜಗಳವೆಲ್ಲ ಈ ಮೊದಲ ಅಂಕಿಯದು.

ಸ್ಪೀಡ್ ಎಂಬ ಈ ಅಂಕಿ ಬಹುಪಾಲು ರಿಮ್ಮಿನ, ಅಂದರೆ ಡಿಸ್ಕಿನ ಸುತ್ತಲಿನ ದಪ್ಪ ಅಂಚಿನ, ಅಗಲದಿಂದಲೇ ಹುಟ್ಟುತ್ತದೆ. ಪಿಡಿಜಿಎ ನಿಯಮದಂತೆ ಡಿಸ್ಕಿನ ವ್ಯಾಸ 21 ಸೆಂ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಡ್ರೈವರುಗಳು ಈ ಗೆರೆಗೆ ಅಂಟಿಕೊಂಡೇ ಇರುತ್ತವೆ: 21.1, 21.2, ಅಷ್ಟರಲ್ಲೇ. ಹಾಗಾಗಿ ಒಂದು ಡ್ರೈವರಿಗೂ ಇನ್ನೊಂದಕ್ಕೂ ದೊಡ್ಡ ವ್ಯತ್ಯಾಸ ಅಂತ ಉಳಿಯುವುದು ರಿಮ್ಮಿನಲ್ಲಿ. ಇನ್ನೋವಾ ಕಂಪನಿಯ ಲೆಪರ್ಡಿನ ಸ್ಪೀಡ್ 6, ರಿಮ್ ಸುಮಾರು 1.6 ಸೆಂ.ಮೀ. ಟೀಬರ್ಡಿನದು 7, ರಿಮ್ 1.7. ಅದೇ ಕಂಪನಿಯ ಡೆಸ್ಟ್ರಾಯರ್ 12, ರಿಮ್ 2.2. ಬಾಸ್ 13, ರಿಮ್ 2.5. ನಿಯಮ ಒಪ್ಪುವ ಅತಿ ಅಗಲದ ರಿಮ್ 2.6. ಮಿಶಿಗನ್ನಿನ ಎಂವಿಪಿ ಕಂಪನಿಯಂತೂ ತನ್ನ ಡ್ರೈವರುಗಳನ್ನು ರಿಮ್ಮಿನ ಅಗಲದ ಮೇಲೆಯೇ ವಿಂಗಡಿಸಿಟ್ಟಿದೆ. 16.5 ಮಿ.ಮೀ. ರಿಮ್ಮಿನ ಸರ್ವೋ, ರೆಸಿಸ್ಟರ್‌ಗಳಿಗೆ ಸ್ಪೀಡ್ 6.5. 18.5 ಮಿ.ಮೀ.ಯ ವೋಲ್ಟಿಗೆ 8. 20 ಮಿ.ಮೀ.ಯ ಟೆಸ್ಲಾಗೆ 9. ಮಿಲಿಮೀಟರ್ ಏರಿದ ಹಾಗೆ ಅಂಕಿಯೂ ಏರುತ್ತದೆ.

ಕಾರಣ ಇಷ್ಟೇ: ನಾವು ಬೆರಳಲ್ಲಿ ಹಿಡಿಯುವ ಈ ರಿಮ್ಮೇ ಗಾಳಿಯನ್ನು ಸೀಳುವ ರೆಕ್ಕೆ ಕೂಡ. ಅಗಲ ರಿಮ್ಮನ್ನು ಚೂಪಾಗಿ ತೀಡಬಹುದು, ಅದಕ್ಕೆ ಗಾಳಿಯ ತಡೆ ಕಡಿಮೆ. ಜೊತೆಗೆ ಡಿಸ್ಕಿನ ತೂಕದ ಹೆಚ್ಚು ಪಾಲು ಹೊರ ಅಂಚಿಗೆ ಸರಿಯುತ್ತದೆ. ಈ ಎರಡು ಗುಣಗಳೇ ಅದನ್ನು ವೇಗದ ಡಿಸ್ಕ್ ಮಾಡುವುದು. ಹಿಡಿತಕ್ಕೆ ಸುಲಭವಾಗಲಿ ಅಂತ ರಿಮ್ಮನ್ನು ಐದು ಮಿಲಿಮೀಟರ್ ಹೆಚ್ಚು ಅಗಲ ಮಾಡಿದರೆ ನಿಮ್ಮ ಕೈಯಲ್ಲಿ ಇರುವುದು ಬೇರೆಯೇ ಡಿಸ್ಕ್.

ಕ್ರಿಕೆಟ್ ಆಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಬ್ಯಾಟಿನ ಹಿಡಿ ತೆಳ್ಳಗಾಯಿತು ಅನ್ನಿಸಿದ ದೊಡ್ಡ ಕೈಯವನು ಏನು ಮಾಡುತ್ತಾನೆ? ಇದ್ದ ರಬ್ಬರ್ ಗ್ರಿಪ್ಪಿನ ಮೇಲೆ ಇನ್ನೊಂದು ಗ್ರಿಪ್ ಏರಿಸುತ್ತಾನೆ. ಹಲಗೆ ಅದೇ, ತೂಕ ಹೆಚ್ಚುಕಡಿಮೆ ಅದೇ, ಚೆಂಡು ತಗಲುವ ಜಾಗ ಅದೇ. ಹಿಡಿ ಬೇರೆ, ಹಲಗೆ ಬೇರೆ ಆದದ್ದರಿಂದ ಈ ಅನುಕೂಲ. ಡಿಸ್ಕಿನಲ್ಲಿ ಹಿಡಿಯನ್ನು ಮುಟ್ಟದೆ ಹಲಗೆಯನ್ನು ಬದಲಿಸುವ ದಾರಿಯಿಲ್ಲ, ಹಲಗೆಯನ್ನು ಮುಟ್ಟದೆ ಹಿಡಿಯನ್ನು ಬದಲಿಸುವ ದಾರಿಯೂ ಇಲ್ಲ. ದೊಡ್ಡ ಕೈಗೆ ದೊಡ್ಡ ಹಿಡಿ ಎಂಬ ನಿಯಮ ಬ್ಯಾಟಿಗೆ ಸರಿ. ಅದನ್ನು ಎತ್ತಿ ತಂದು ಡಿಸ್ಕಿಗೆ ಹಾಕಿದವರು ಈ ಒಂದು ಸಂಗತಿಯನ್ನು ಗಮನಿಸಲಿಲ್ಲ.

ಹಾಗೆ ಕೊಟ್ಟ ಡಿಸ್ಕ್ ಗಾಳಿಯಲ್ಲಿ ಏನು ಮಾಡುತ್ತದೆ? ಬಲಗೈಯವನು ಎದೆಯ ಮುಂದಿನಿಂದ ಬ್ಯಾಕ್‌ಹ್ಯಾಂಡ್ ಎಸೆದಾಗ ಡಿಸ್ಕ್, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತಿರುತ್ತದೆ. ವೇಗ ಹೆಚ್ಚಿದ್ದಾಗ ಗಾಳಿ ಅದರ ಮೂಗನ್ನು ಕೆಳಕ್ಕೆ ಒತ್ತಲು ನೋಡುತ್ತದೆ. ವೇಗ ಇಳಿದಾಗ ಒತ್ತಡದ ಕೇಂದ್ರ ಮುಂದಕ್ಕೆ ಸರಿದು ಮೂಗನ್ನು ಮೇಲೆತ್ತಲು ನೋಡುತ್ತದೆ. ಆದರೆ ಗಿರಗಿರ ತಿರುಗುವ ವಸ್ತು ತಳ್ಳಿದ ಕಡೆಗೆ ಬಾಗುವುದಿಲ್ಲ, ಅದಕ್ಕೆ ಅಡ್ಡಲಾಗಿ ವಾಲುತ್ತದೆ. ಮೂಗು ಕೆಳಗೊತ್ತಿದರೆ ಬಲಕ್ಕೆ ವಾಲುತ್ತದೆ, ಅದು ಟರ್ನ್. ಮೂಗು ಎತ್ತಿದರೆ ಎಡಕ್ಕೆ, ಅದು ಫೇಡ್. ಡೆಸ್ಟ್ರಾಯರಿನಂಥ ಡಿಸ್ಕ್ ತನ್ನ ಅಂಕಿಗಳಿಗೆ ತಕ್ಕಂತೆ ಹಾರಬೇಕಾದರೆ ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಕೈ ಬಿಡಬೇಕು ಎಂಬುದು ಆಟಗಾರರು ಸಾಮಾನ್ಯವಾಗಿ ಒಪ್ಪುವ ಲೆಕ್ಕ. ಅಷ್ಟು ವೇಗ ಇಲ್ಲದ ತೋಳಿನಿಂದ ಹೊರಟ ಡೆಸ್ಟ್ರಾಯರ್ ಟರ್ನ್ ಎಂಬ ಘಟ್ಟವನ್ನೇ ಮುಟ್ಟುವುದಿಲ್ಲ. ಕೈಬಿಟ್ಟ ಮರುಗಳಿಗೆಯಿಂದ ಫೇಡ್. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಈ ಇಡೀ ವಿವರಣೆಯಲ್ಲಿ ವೇಗ ಬಂತು, ತಿರುಗು ಬಂತು, ಗಾಳಿ ಬಂತು. ಅಂಗೈಯ ಅಳತೆ ಎಲ್ಲಿಯೂ ಬರಲಿಲ್ಲ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ 19 ಸೆಂ.ಮೀ. ಇದ್ದರೂ 22 ಇದ್ದರೂ ಡಿಸ್ಕಿಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಎಷ್ಟು ವೇಗದಲ್ಲಿ, ಎಷ್ಟು ತಿರುಗಿನಲ್ಲಿ, ಯಾವ ಕೋನದಲ್ಲಿ ಬಿಟ್ಟರು ಎಂಬುದಷ್ಟೇ. ಉದ್ದ ಕೈಯವರ ತೋಳೂ ಉದ್ದ, ತೋಳು ಉದ್ದವಿದ್ದರೆ ವೇಗವೂ ಹೆಚ್ಚು, ಆದ್ದರಿಂದ ಸಲಹೆ ಸುತ್ತಿ ಬಳಸಿ ಸರಿಯೇ ಅಲ್ಲವೇ ಎಂದು ಜಾಣರು ಕೇಳುತ್ತಾರೆ. ಉದ್ದ ತೋಳು ಒಂದು ಅನುಕೂಲ, ಒಪ್ಪಿದೆ. ಆದರೆ ವೇಗ ಬರುವುದು ಕಾಲು, ಸೊಂಟ, ಭುಜಗಳು ಒಂದರ ಹಿಂದೊಂದು ತಿರುಗುವ ಕ್ರಮದಿಂದ. ಅದನ್ನು ಕಲಿಯಲು ವರ್ಷಗಳು ಬೇಕು. ಕಲಿಯದ ಉದ್ದ ತೋಳು ಕಲಿತ ಗಿಡ್ಡ ತೋಳಿಗೆ ಸೋಲುವುದನ್ನು ಯಾವ ಭಾನುವಾರದ ಆಟದಲ್ಲಾದರೂ ನೋಡಬಹುದು.

ಇನ್ನು ಎದುರಾಳಿಗಳ ಕೈಲಿರುವ ಗಟ್ಟಿ ವಾದಕ್ಕೆ ಬರುತ್ತೇನೆ. ಅದು ಸುಳ್ಳಲ್ಲ. ಬೆರಳು ಉದ್ದವಿದ್ದವರು ನಾಲ್ಕೂ ಬೆರಳನ್ನು ರಿಮ್ಮಿನೊಳಗೆ ಮಡಚಿ ಹಿಡಿಯುವ ಪವರ್ ಗ್ರಿಪ್ಪಿನಲ್ಲಿ ತೆಳು ರಿಮ್ಮನ್ನು ಹಿಡಿದರೆ ಬೆರಳಿಗೆ ಜಾಗ ಸಾಲುವುದಿಲ್ಲ. ತುದಿಗಳು ಒಳಗೋಡೆಗೆ ಊರುವ ಬದಲು ಮಡಚಿಕೊಂಡು ಡಿಸ್ಕಿನ ತಳಕ್ಕೋ ಅಂಗೈಗೋ ತಾಗುತ್ತವೆ, ಉಗುರು ಚುಚ್ಚುತ್ತದೆ. ಕೆಲವರಿಗೆ ಬೆರಳು ರಿಮ್ಮಿಗೆ ಕೊಂಡಿಯಾಗಿ ಸಿಕ್ಕಿಕೊಂಡು ಡಿಸ್ಕ್ ತಡವಾಗಿ ಬಿಡುತ್ತದೆ, ಬಲಕ್ಕೆ ಹಾರುತ್ತದೆ. ಆಟಗಾರರು ಇದನ್ನು ಗ್ರಿಪ್ ಲಾಕ್ ಅನ್ನುತ್ತಾರೆ. ಈ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಅವರು ಬರೆದುಕೊಡುವ ಮದ್ದಿನ ಮೇಲೆ ನನ್ನ ತಕರಾರು. ಬೆರಳು ಮಡಚುವ ರೀತಿಯನ್ನು ಬದಲಿಸಿದರೆ ಹೋಗುವ ನೋವಿಗೆ ಡಿಸ್ಕಿನ ಹಾರಾಟವನ್ನೇ ಬದಲಿಸುವುದು ಯಾವ ನ್ಯಾಯ?

ಮೊದಲಿಗೆ, ನಾಲ್ಕು ಬೆರಳೂ ರಿಮ್ಮಿನೊಳಗೆ ಇರಲೇಬೇಕು ಎಂಬ ಕಟ್ಟಳೆ ಎಲ್ಲಿಯೂ ಇಲ್ಲ. ಡಿಸ್ಕ್ ಕೈಯಿಂದ ಕಡೆಯದಾಗಿ ಕಳಚುವುದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ. ಉಂಗುರ ಬೆರಳು, ಕಿರುಬೆರಳುಗಳ ಕೆಲಸ ಅದಕ್ಕೂ ಮೊದಲೇ ಮುಗಿದಿರುತ್ತದೆ. ತೋರುಬೆರಳು, ನಡುಬೆರಳುಗಳನ್ನು ಒಳಗೋಡೆಗೆ ಊರಿ ಉಳಿದೆರಡನ್ನು ಡಿಸ್ಕಿನ ತಳಕ್ಕೆ ಚಾಚಿಬಿಟ್ಟರೆ ಉದ್ದ ಬೆರಳಿಗೆ ಬೇಕಾದ ಜಾಗ ತಾನೇ ಹುಟ್ಟುತ್ತದೆ. ಎಲ್ಲ ಬೆರಳನ್ನೂ ತಳದ ಮೇಲೆ ಹರಡುವ ಫ್ಯಾನ್ ಗ್ರಿಪ್ ಪಟರಿಗೆ, ಮಿಡ್‌ರೇಂಜಿಗೆ ಹೇಗೂ ಇದೆ. ಇವೆರಡರ ನಡುವೆ ಹತ್ತಾರು ಹಿಡಿತಗಳಿವೆ, ದೊಡ್ಡ ಆಟಗಾರರು ಒಬ್ಬೊಬ್ಬರು ಒಂದೊಂದು ಥರ ಹಿಡಿಯುತ್ತಾರೆ. ಉದ್ದ ಬೆರಳು ಇಂಥ ಆಯ್ಕೆಗಳನ್ನು ಹೆಚ್ಚಿಸುವ ಸೌಲಭ್ಯ. ಅದನ್ನು ಊನದಂತೆ ನೋಡುವ ಈ ಸಲಹೆ ನನಗೆ ವಿಚಿತ್ರವಾಗಿ ಕಾಣುತ್ತದೆ. ಗಿಡ್ಡ ಬೆರಳಿನವರಿಗೆ ಫ್ಯಾನ್ ಗ್ರಿಪ್ಪಿನಲ್ಲಿ ಡ್ರೈವರ್ ಹಿಡಿಯುವುದೇ ಕಷ್ಟ.

ಎರಡನೆಯದು, ಕೈ ತುಂಬುವುದು ರಿಮ್ಮಿನ ಅಗಲದಿಂದ ಮಾತ್ರ ಎಂದು ಯಾರು ಹೇಳಿದರು? ಬೆಂಗಳೂರಿನ ಮೈದಾನಗಳಲ್ಲಿ ಅಲ್ಟಿಮೇಟ್ ಫ್ರಿಸ್ಬೀ ಆಡಿ ಬೆಳೆದು ಕೆಲಸದ ಮೇಲೆ ಅಮೆರಿಕಕ್ಕೆ ಬಂದ ಹುಡುಗರನ್ನು ನೋಡುತ್ತಿರುತ್ತೇನೆ. ಅವರು ಅಲ್ಲಿ ಎಸೆಯುತ್ತಿದ್ದ 175 ಗ್ರಾಮಿನ ಡಿಸ್ಕಿನ ವ್ಯಾಸ 27 ಸೆಂ.ಮೀ. ದಾಟುತ್ತದೆ, ಆದರೆ ಅದರ ರಿಮ್ಮಿನ ಅಗಲ ಒಂದು ಸೆಂಟಿಮೀಟರೂ ಇಲ್ಲ. ಯಾವ ಫೇರ್‌ವೇ ಡ್ರೈವರಿನ ರಿಮ್ಮಿಗಿಂತಲೂ ಅದು ಸಣ್ಣದು. ಆರಡಿ ಹುಡುಗರು ಅದನ್ನೇ ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಫೋರ್‌ಹ್ಯಾಂಡ್ ಕಳಿಸುತ್ತಿದ್ದರು. ನನ್ನ ಕೈ ದೊಡ್ಡದು, ರಿಮ್ ಸಾಲದು ಅಂತ ಒಬ್ಬನೂ ದೂರಿದ್ದನ್ನು ನಾನು ಕೇಳಿಲ್ಲ. ಅದೇ ಹುಡುಗ ಇಲ್ಲಿಗೆ ಬಂದು ಟೀಬರ್ಡ್ ಕೈಗೆತ್ತಿಕೊಂಡ ದಿನ, "ಅಂಕಲ್, ಇದು ಕೈಗೇ ಸಿಗ್ತಾ ಇಲ್ಲ, ಇನ್ನೂ ದಪ್ಪ ರಿಮ್ ತಗೊಳ್ಲಾ?" ಅನ್ನುತ್ತಾನೆ. ರಿಮ್ಮಿನ ಅಗಲವೇ ಕಾರಣವಾಗಿದ್ದರೆ ಅವನಿಗೆ ಬೆಂಗಳೂರಿನಲ್ಲಿ ಇನ್ನೂ ಕಷ್ಟವಾಗಬೇಕಿತ್ತು. ಅಲ್ಟಿಮೇಟ್ ಡಿಸ್ಕಿನ ರಿಮ್ ಆಳವಾಗಿದೆ, ಡಿಸ್ಕಿನ ಎತ್ತರವೂ ಹೆಚ್ಚು. ಹೆಬ್ಬೆರಳಿಗೂ ಬೆರಳುಗಳಿಗೂ ನಡುವಿನ ಜಾಗ ತುಂಬುತ್ತದೆ. ಟೀಬರ್ಡಿನಲ್ಲಿ ಅವನಿಗೆ ತಪ್ಪಿಹೋದದ್ದು ಆ ಆಳ.

ಡ್ರೈವರುಗಳಲ್ಲಿ ರಿಮ್ಮಿನ ಆಳ ವ್ಯಾಸದ ನೂರಕ್ಕೆ ಐದಕ್ಕಿಂತ ಕಡಿಮೆ ಇರಬಾರದು ಎಂಬುದು ನಿಯಮ. 21 ಸೆಂ.ಮೀ. ಡಿಸ್ಕಿಗೆ ಅದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ವೇಗದ ಡ್ರೈವರುಗಳು ಈ ತಳದ ಹತ್ತಿರವೇ ಸುಳಿಯುತ್ತವೆ, ಸ್ಪೀಡ್ 6, 7ರವು ಸಾಮಾನ್ಯವಾಗಿ ಒಂದಿಷ್ಟು ಆಳ. ಒಂದೆರಡು ಮಿಲಿಮೀಟರಿನ ಮಾತು, ಆದರೆ ಉದ್ದ ಬೆರಳಿಗೆ ಗೊತ್ತಾಗುವಷ್ಟು. ಆಮೇಲೆ ಡಿಸ್ಕಿನ ಬೆನ್ನಿನ ಉಬ್ಬು. ಇನ್ನೋವಾದ ಲೆಪರ್ಡ್ ಮತ್ತು ಲೆಪರ್ಡ್3 ಎರಡನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದು ನೋಡಿ. ಲೆಪರ್ಡ್3ರ ಸ್ಪೀಡ್ 7, ಬೆನ್ನು ಚಪ್ಪಟೆ. ಲೆಪರ್ಡಿನ ಸ್ಪೀಡ್ 6, ಬೆನ್ನು ಉಬ್ಬು. ಕೌಂಟರಿನ ಸಿದ್ಧಾಂತದ ಪ್ರಕಾರ ದೊಡ್ಡ ಕೈಗೆ ಒಗ್ಗಬೇಕಾದ್ದು ವೇಗದ ಲೆಪರ್ಡ್3. ಹಿಡಿದು ನೋಡಿದರೆ ಅದು ತಗಡು ಹಿಡಿದ ಹಾಗೆ ತೆಳ್ಳಗೆ ಅನ್ನಿಸುತ್ತದೆ, ಕಡಿಮೆ ಸ್ಪೀಡಿನ ಲೆಪರ್ಡ್ ಅಂಗೈ ತುಂಬುತ್ತದೆ. ಈ ಒಂದು ಜೋಡಿಯೇ ಸಾಕು, ಸಿದ್ಧಾಂತ ಅಲ್ಲಿಗೆ ಮುಗಿಯಿತು.

ಹಾಗೆಂದು ಎಲ್ಲ ಲೆಪರ್ಡೂ ಒಂದೇ ಅಲ್ಲ ಅನ್ನುವುದನ್ನೂ ಹೇಳಬೇಕು. ಅಚ್ಚು ಒಂದೇ ಆದರೂ ಪ್ಲಾಸ್ಟಿಕ್ ಬೇರೆಯಾದರೆ, ಅಚ್ಚಿನಿಂದ ತೆಗೆದ ಮೇಲೆ ಆರುವ ರೀತಿ ಬೇರೆಯಾದರೆ ಉಬ್ಬು ಬದಲಾಗುತ್ತದೆ. ಡಿಎಕ್ಸ್, ಸ್ಟಾರ್, ಚಾಂಪಿಯನ್, ಜಿಸ್ಟಾರ್ ಎಂದು ಒಂದೇ ಹೆಸರಿನ ಡಿಸ್ಕ್ ನಾಲ್ಕೈದು ಪ್ಲಾಸ್ಟಿಕ್ಕಿನಲ್ಲಿ ಬರುತ್ತದೆ. ಮೆತ್ತನೆಯದು ದೊಡ್ಡ ಕೈಯ ಹಿಡಿತಕ್ಕೆ ಬಗ್ಗುತ್ತದೆ, ಗಟ್ಟಿಯದು ಬಗ್ಗುವುದಿಲ್ಲ. ಚಳಿಗೆ ಎಲ್ಲವೂ ಗಟ್ಟಿ. ಕೆರೊಲಿನಾದ ಜುಲೈ ಬೆವರಿನಲ್ಲಿ ಯಾವ ರಿಮ್ಮೂ ಜಾರುತ್ತದೆ, ಅಲ್ಲಿ ಒಣ ಟವಲ್ಲು ಮಾಡುವ ಉಪಕಾರವನ್ನು ಯಾವ ಅಗಲವೂ ಮಾಡುವುದಿಲ್ಲ. ಡಿಸ್ಕನ್ನು ಹೆಸರು ನೋಡಿ ತರಿಸಿಕೊಳ್ಳುವ ಬದಲು ಕೈಯಲ್ಲಿ ಹಿಡಿದು ಆರಿಸಬೇಕು ಅನ್ನುವುದಕ್ಕೆ ಇದೇ ಕಾರಣ. ಕೈಯಳತೆಯವರು ಈ ಒಂದು ಮಾತನ್ನು ಹೇಳಿದ್ದರೆ ಅವರ ಮೇಲೆ ಇಷ್ಟು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಚರಿತ್ರೆಯನ್ನೂ ಒಮ್ಮೆ ನೋಡೋಣ. ಅಂಚು ತೀಡಿದ, ಗಾಲ್ಫಿಗಾಗಿಯೇ ರೂಪಿಸಿದ ಡಿಸ್ಕ್ 1983ರಲ್ಲಿ ಡೇವ್ ಡನಿಪೇಸ್ ಕೈಯಿಂದ ಬಂತು, ಇನ್ನೋವಾ ಹುಟ್ಟಿದ್ದೂ ಆಗಲೇ. ಫ್ಲಾರಿಡಾದ ಕೆನ್ ಕ್ಲೈಮೊ 1990ರಿಂದ 1998ರವರೆಗೆ ಸತತ ಒಂಬತ್ತು ವರ್ಷ ವಿಶ್ವ ಚಾಂಪಿಯನ್ ಆದರು. ಆಗ ಟೀಬರ್ಡ್ ಕೂಡ ಬಂದಿರಲಿಲ್ಲ. ಡೆಸ್ಟ್ರಾಯರ್ ಬಂದದ್ದು 2007ರಲ್ಲಿ, ಬಾಸ್ ಅದರ ಮರುವರ್ಷ. ಅಂದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಆಟವನ್ನು ಎತ್ತರದವರು, ಕುಳ್ಳರು, ಕೈ ದೊಡ್ಡವರು, ಚಿಕ್ಕವರು ಎಲ್ಲರೂ ಇವತ್ತು ನಾವು ಫೇರ್‌ವೇ ಡ್ರೈವರ್ ಅನ್ನುವ ಅಗಲದ, ಇಲ್ಲವೇ ಅದಕ್ಕಿಂತ ಸಣ್ಣ ರಿಮ್ಮುಗಳಲ್ಲೇ ಆಡಿದರು. ಆಮೇಲೆ ಬೆಳೆದದ್ದು ರಿಮ್ಮು. ಮನುಷ್ಯನ ಕೈ ಅಷ್ಟೇ ಇದೆ. ಅಗಲ ರಿಮ್ ದೊಡ್ಡ ಕೈಯ ಅಗತ್ಯ ಎನ್ನುವವರು ಆ ಇಪ್ಪತ್ತು ವರ್ಷ ದೊಡ್ಡ ಕೈಯವರು ಏನು ಮಾಡುತ್ತಿದ್ದರು ಅಂತ ಹೇಳಬೇಕು.

ಇದೇ ಸಲಹೆಯ ಇನ್ನೊಂದು ಮಗ್ಗುಲು ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಕೈ ಸಣ್ಣದಿದ್ದವರಿಗೆ ಸಣ್ಣ ರಿಮ್ ಅನ್ನುತ್ತ ಅಂಗಡಿಯವರು ಹೆಂಗಸರಿಗೆ, ಅವರು ಎಸೆಯುವುದನ್ನು ಒಮ್ಮೆಯೂ ನೋಡದೆ, ನಿಧಾನದ ಡಿಸ್ಕುಗಳ ಗೂಡನ್ನು ತೋರಿಸುತ್ತಾರೆ. ಪೇಜ್ ಪಿಯರ್ಸ್ ಐದು ಸಲ ವಿಶ್ವ ಚಾಂಪಿಯನ್ ಆದರು, ಎಸ್ಟೋನಿಯಾದ ಕ್ರಿಸ್ಟಿನ್ ಟಾಟರ್ 2022, 2023ರಲ್ಲಿ ಬೆನ್ನುಬೆನ್ನಿಗೆ ಗೆದ್ದರು. ಇಂಥವರು ವೇಗದ ಡ್ರೈವರುಗಳನ್ನು ಎಸೆಯುವುದು ತೋಳಿನ ವೇಗ ಅದನ್ನು ಬೇಡುವುದರಿಂದ. ವೇಗ ಇಲ್ಲದ ಗಂಡಸಿನ ಕೈಗೆ 12ರ ಡಿಸ್ಕ್, ವೇಗ ಇರುವ ಹೆಂಗಸಿನ ಕೈಗೆ 6ರ ಡಿಸ್ಕ್! ಕೈಯಳತೆಯ ಸಿದ್ಧಾಂತ ಎರಡೂ ಕಡೆ ತಪ್ಪಾದ ಡಿಸ್ಕನ್ನೇ ಕೊಡುತ್ತದೆ.

ಹಾಗಾದರೆ ಇದು ಉಳಿದದ್ದು ಹೇಗೆ? ಒಂದು, ಅದು ಹೊಗಳಿಕೆಯ ರೂಪದಲ್ಲಿ ಬರುತ್ತದೆ. ನಿನ್ನ ವೇಗ ಸಾಲದು ಅಂತ ಗಿರಾಕಿಗೆ ಹೇಳುವುದು ಕಷ್ಟ, ನಿನ್ನ ಕೈ ದೊಡ್ಡದು ಅನ್ನುವುದು ಸುಲಭ. ಇನ್ನೊಂದು, ಸ್ಪೀಡ್ ಎಂಬ ಅಂಕಿಯೇ ಆಸೆ ಹುಟ್ಟಿಸುವಂಥದ್ದು. 13 ಎಂದರೆ 7ಕ್ಕಿಂತ ಮೇಲು ಎಂದು ಯಾರಿಗಾದರೂ ತೋರುತ್ತದೆ. ಆದರೆ ಆ ನಾಲ್ಕು ಅಂಕಿಗಳನ್ನು ಕೊಡುವವರು ತಯಾರಕರೇ. ಪಿಡಿಜಿಎ ಅವನ್ನು ಅಳೆಯುವುದೂ ಇಲ್ಲ, ದೃಢೀಕರಿಸುವುದೂ ಇಲ್ಲ. ಅದು ಅಳೆಯುವುದು ವ್ಯಾಸ, ಎತ್ತರ, ರಿಮ್ಮಿನ ಆಳ, ರಿಮ್ಮಿನ ಅಗಲ, ಒಳವ್ಯಾಸ, ಬಾಗುವ ಗುಣ ಇಂಥವನ್ನು, ಮತ್ತು ಒಪ್ಪಿಗೆ ಸಿಕ್ಕ ಪ್ರತಿಯೊಂದು ಡಿಸ್ಕಿನ ಅಳತೆಯನ್ನೂ ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತದೆ. ಕೈಗೆ ಹೊಂದುವ ಡಿಸ್ಕ್ ಬೇಕೆನ್ನುವವನು ನೋಡಬೇಕಾದ ಕಾಲಂಗಳು ಅಲ್ಲಿವೆ. ಡಿಸ್ಕಿನ ಮೇಲೆ ಅಚ್ಚಾಗುವುದು ಮಾತ್ರ ತಯಾರಕರ ಅಂದಾಜು.

ತೂಕದ ಮಾತೂ ಹೀಗೆಯೇ. ದೊಡ್ಡ ಕೈಗೆ 175 ಗ್ರಾಂ ಅನ್ನುತ್ತಾರೆ. ವ್ಯಾಸದ ಒಂದು ಸೆಂಟಿಮೀಟರಿಗೆ 8.3 ಗ್ರಾಂ ಎಂಬುದು ನಿಯಮದ ಮೇಲ್ಮಿತಿ, 21.2 ಸೆಂ.ಮೀ. ಡಿಸ್ಕಿಗೆ ಅದು 175ರ ಮೇಲೆ ಬರುತ್ತದೆ. ಅದಕ್ಕೆ ಆ ಸಂಖ್ಯೆ ಎಲ್ಲೆಡೆ ಕಾಣುವುದು, ಅಂಗೈಗೂ ಅದಕ್ಕೂ ಸಂಬಂಧವಿಲ್ಲ. ಎದುರುಗಾಳಿಗೆ ಭಾರದ್ದು, ನಿಧಾನದ ತೋಳಿಗೆ ಹಗುರದ್ದು, ಅಲ್ಲಿಗೆ ಆ ವಿಷಯ ಮುಗಿಯಿತು.

ನಾನಿರುವ ಶಾರ್ಲಟ್ ಕಡೆಯ ಕೋರ್ಸುಗಳಲ್ಲಿ ಈ ತಪ್ಪಿನ ಬೆಲೆ ತಕ್ಷಣ ಗೊತ್ತಾಗುತ್ತದೆ. 2012ರ ವಿಶ್ವ ಚಾಂಪಿಯನ್‌ಷಿಪ್ ನಡೆದ ಊರು ಇದು. ಇಲ್ಲಿನ ಕೋರ್ಸುಗಳು ಬಹುಪಾಲು ಕಾಡು. ಹಾರ್ನೆಟ್ಸ್ ನೆಸ್ಟ್, ರಿನೈಸೆನ್ಸ್ ಪಾರ್ಕುಗಳಲ್ಲಿ ಟೀ ಮೇಲೆ ನಿಂತರೆ ಎರಡೂ ಕಡೆ ಮರದ ಕಾಂಡಗಳು, ನಡುವೆ ಕಿರಿದಾದ ದಾರಿ. ಇಲ್ಲಿ ಗೆಲ್ಲಿಸುವುದು ಎಪ್ಪತ್ತೆಂಬತ್ತು ಮೀಟರ್ ನೇರ ಹೋಗಿ ಕೊನೆಯಲ್ಲಿ ತುಸುವೇ ವಾಲುವ ಡಿಸ್ಕ್. ಸ್ವಲ್ಪ ದೂರದ ರಾಕ್ ಹಿಲ್‌ನ ವಿಂಥ್ರಾಪ್ ವಿಶ್ವವಿದ್ಯಾಲಯದ ಆವರಣದಲ್ಲಿ 1999ರಿಂದ ಅಮೆರಿಕದ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಅಲ್ಲಿ ಮರ ಕಡಿಮೆ, ಕೆರೆ ಇದೆ, ಹಳದಿ ಹಗ್ಗ ಎಳೆದು ಗುರುತು ಮಾಡಿದ ಗಡಿಗಳಿವೆ. ಹಗ್ಗ ದಾಟಿದರೆ ದಂಡ. ಅಲ್ಲಿಯೂ ದೂರಕ್ಕಿಂತ ಬೀಳುವ ಜಾಗ ಮುಖ್ಯ. 2021ರಲ್ಲಿ ಯೂಟಾದ ಆಗ್ಡನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ಬುಟ್ಟಿಗೆ ಜೇಮ್ಸ್ ಕಾನ್ರಾಡ್ 247 ಅಡಿ ದೂರದಿಂದ ನೇರವಾಗಿ ಹಾಕಿ ಪಾಲ್ ಮೆಕ್‌ಬೆತ್‌ರನ್ನು ಪ್ಲೇಆಫಿಗೆ ಎಳೆದದ್ದನ್ನು ಈ ಆಟ ನೋಡುವವರು ಮರೆಯಲಾರರು. ಕಾನ್ರಾಡ್ ಕೈಯಲ್ಲಿದ್ದದ್ದು ಎನ್ವಿ, ಎಲ್ಲಕ್ಕಿಂತ ಸಣ್ಣ ರಿಮ್ಮಿನ ಗುಂಪಿಗೆ ಸೇರಿದ ಪಟರ್.

ಒಂದು ಕಡೆ ಮಾತ್ರ ಅಗಲದ ಪರವಾಗಿ ಮಾತಾಡುತ್ತೇನೆ. ಫೋರ್‌ಹ್ಯಾಂಡಿನಲ್ಲಿ ಡಿಸ್ಕ್ ಹೆಬ್ಬೆರಳು, ತೋರುಬೆರಳಿನ ಸಂದಿನಲ್ಲಿ ಕೂರುತ್ತದೆ, ಒಳಗೋಡೆಗೆ ಊರುವುದು ಎರಡೇ ಬೆರಳು. ಸಂದು ದೊಡ್ಡದಿದ್ದರೆ ತೆಳು ರಿಮ್ ಅಲ್ಲಿ ನಿಲ್ಲದೆ ನಡುಗುತ್ತದೆ, ಡಿಸ್ಕ್ ಹೊರಡುವಾಗಲೇ ಅಲ್ಲಾಡುತ್ತದೆ. ಹೆಚ್ಚಾಗಿ ಫೋರ್‌ಹ್ಯಾಂಡ್ ಎಸೆಯುವ ದೊಡ್ಡ ಕೈಯವನು ಸ್ಪೀಡ್ 9ರ ಫೈರ್‌ಬರ್ಡಿನಂಥದನ್ನು ಆರಿಸಿಕೊಂಡರೆ ನಾನು ಬೇಡ ಅನ್ನುವುದಿಲ್ಲ. ಅದರ ರಿಮ್ ಟೀಬರ್ಡಿಗಿಂತ ಕೊಂಚ ಅಗಲ. ಮುಖ್ಯವಾಗಿ ಅದು ಜೋರಿನ, ತಿರುಗು ಕಡಿಮೆಯ ಎಸೆತವನ್ನೂ ಮಗುಚದೆ ತಡೆದುಕೊಳ್ಳುವ ಡಿಸ್ಕ್. ಇಲ್ಲಿಯೂ ಆಯ್ಕೆ ಫೇರ್‌ವೇ ಡ್ರೈವರುಗಳ ಒಳಗೇ ನಡೆಯಿತು, ಹಾರಾಟ ನೋಡಿಯೇ ನಡೆಯಿತು ಎಂಬುದನ್ನು ಗಮನಿಸಿ. 7ರಿಂದ 9ಕ್ಕೆ ಹೋಗುವುದು ಬೇರೆ, 7ರಿಂದ 13ಕ್ಕೆ ಹಾರುವುದು ಬೇರೆ.

ಬ್ಯಾಕ್‌ಹ್ಯಾಂಡಿಗೆ ನನ್ನ ಆಯ್ಕೆ ಹೀಗೆ. ಉಬ್ಬು ಬೆನ್ನಿನ ಲೆಪರ್ಡ್ ಅಥವಾ ಲ್ಯಾಟಿಟ್ಯೂಡ್ 64 ಕಂಪನಿಯ ರಿವರ್ ಮೊದಲು. ಅದು ನೇರ ಹೋಗತೊಡಗಿದ ಮೇಲೆ ಟೀಬರ್ಡ್. ಅಲ್ಲಿಯೂ ರಿಮ್ ಸಣ್ಣದು ಅನ್ನಿಸಿದರೆ ವೋಲ್ಟ್. ಇವುಗಳಲ್ಲಿ ಯಾವುದನ್ನೇ ಕೊಂಡರೂ ನಾಲ್ಕು ಪ್ಲಾಸ್ಟಿಕ್ಕುಗಳನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿಗೆ ಬೆನ್ನಿನ ಉಬ್ಬು ಎಲ್ಲಿ ಸಿಗುತ್ತದೆ, ಬೆರಳ ತುದಿ ಒಳಗೋಡೆಗೆ ಊರುತ್ತದೋ ತಳಕ್ಕೆ ತಾಗುತ್ತದೋ ನೋಡಿ. ತಾಗಿದರೆ ಹಿಂದಿನ ಎರಡು ಬೆರಳನ್ನು ಚಾಚಿ ಮತ್ತೆ ನೋಡಿ. ಇಷ್ಟಕ್ಕೆ ಅಂಗಡಿಯಲ್ಲಿ ಹತ್ತು ನಿಮಿಷ ಸಾಕು.

ಕೊನೆಗೊಬ್ಬ ಎದ್ದು ನಿಲ್ಲುತ್ತಾನೆ: "ಏನಾದರೂ ಹೇಳಿ ಸಾರ್, ನನ್ನ ಕೈಗೆ ಡೆಸ್ಟ್ರಾಯರೇ ದೂರ ಹೋಗೋದು." ಹೋಗುತ್ತದೆ, ಕೆಲವು ಸಲ. 2016ರಲ್ಲಿ ನೆವಾಡದ ಮರುಭೂಮಿಯಲ್ಲಿ ಡೇವಿಡ್ ವಿಗಿನ್ಸ್ ಗಾಳಿಯ ಬೆನ್ನೇರಿಸಿ 338 ಮೀಟರ್ ಎಸೆದರು. ಅಲ್ಲಿ ಮರವೂ ಇಲ್ಲ, ಬುಟ್ಟಿಯೂ ಇಲ್ಲ. ಕೋರ್ಸಿನಲ್ಲಿ ಲೆಕ್ಕಕ್ಕೆ ಬರುವುದು ಹತ್ತರಲ್ಲಿ ಒಂದು ಸಲ ಹೋದ ದೂರವಲ್ಲ. ಹಾಗಾಗಿ ಅವನಿಗೆ ನಾನು ಹೇಳುವುದು ಇಷ್ಟು: ಖಾಲಿ ಮೈದಾನಕ್ಕೆ ಹೋಗು, ಟೀಬರ್ಡ್ ಹತ್ತು ಎಸೆ, ಡೆಸ್ಟ್ರಾಯರ್ ಹತ್ತು ಎಸೆ. ಅತಿ ದೂರ ಬಿದ್ದದ್ದನ್ನು ಲೆಕ್ಕ ಹಾಕಬೇಡ. ಎರಡರಲ್ಲೂ ಹತ್ತು ಡಿಸ್ಕು ಎಷ್ಟು ಅಗಲಕ್ಕೆ ಚೆಲ್ಲಿವೆ ಎಂದು ಹೆಜ್ಜೆ ಹಾಕಿ ಅಳೆ. ಡೆಸ್ಟ್ರಾಯರಿನ ಹತ್ತೂ ನಿನ್ನೂರಿನ ಮರಗಳ ನಡುವಿನ ದಾರಿಯೊಳಗೆ ನಿಂತಿದ್ದರೆ ಸಂತೋಷವಾಗಿ ಅದನ್ನೇ ಎಸೆ, ಆಗ ನಿನ್ನ ತೋಳಿಗೆ ಅದರ ವೇಗ ಇದೆ ಎಂದರ್ಥ. ಆ ಉತ್ತರ ಬಂದರೂ ಅದು ಹೇಳುವುದು ನಿನ್ನ ತೋಳಿನ ಬಗ್ಗೆ.